ಚಿಂಚೋಳಿ ಕಡೆ ನೆಲ ಗುಡುಗುತ್ತದಲ್ಲ, ಕಲಬುರಗಿಯಲ್ಲಿ ಜ್ವಾಲಾಮುಖಿ ಏಳಬಹುದಾ?

ಏಳೋದಿಲ್ಲ, ಆ ಭಯ ಬಿಡಿ. ನೀವು ಹೆದರಬೇಕಾದದ್ದು ಗೋಡೆಗೆ.

ನಮ್ಮಲ್ಲಿ ಲಾವಾ ಹರಿದದ್ದು ನಿಜ, ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಾತು. ನೆಲ ಬಿರಿದು ಪದರದ ಮೇಲೆ ಪದರ ಹರಿದು, ಆರಿ ಕರಿಗಲ್ಲಾಯಿತು. ನಾವು ತೊಗರಿ ಬಿತ್ತುವ ಎರೆಮಣ್ಣು ಆ ಕಲ್ಲು ಸವೆದು ಆದದ್ದೇ. ಜ್ವಾಲಾಮುಖಿ ಏಳಲು ಅಡಿಯಲ್ಲಿ ಕರಗಿದ ಶಿಲೆ ಇರಬೇಕು, ಮೇಲೇರಲು ಅದಕ್ಕೆ ದಾರಿಯೂ ಸಿಗಬೇಕು. ಇಂಡೋನೇಷ್ಯಾದಲ್ಲಿ ಒಂದು ಭೂಫಲಕ, ಅಂದರೆ ಭೂಮಿಯ ಹೊರಪದರದ ಭಾರೀ ತುಂಡು, ಇನ್ನೊಂದರ ಅಡಿಗೆ ನುಗ್ಗುತ್ತಿರುವುದರಿಂದ ಎರಡೂ ಉಂಟು. ನಾವು ಫಲಕದ ನಡುವೆ ಇದ್ದೇವೆ, ಇಲ್ಲಿ ಎರಡೂ ಇಲ್ಲ.

ಭೂಕಂಪಕ್ಕೆ ಬೆಂಕಿಯೇ ಬೇಕಿಲ್ಲ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತ ಏಷ್ಯಾವನ್ನು ಒತ್ತುತ್ತದೆ. ಆ ಒತ್ತಡ ಇಲ್ಲಿನ ಹಳೇ ಬಿರುಕುಗಳಲ್ಲೂ ಕೂಡಿಕೊಳ್ಳುತ್ತದೆ, ಬಂಡೆ ಜಾರಿದಾಗ ನೆಲ ನಡುಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿದ್ದರಲ್ಲ, ಆ ಭಾಗದ್ದು ಸುಣ್ಣಕಲ್ಲಿನ ನೆಲ. ಮಳೆನೀರು ಸಂದುಗಳಿಗಿಳಿದು ಒತ್ತಡ ಹೆಚ್ಚಿಸಿದರೆ ಇಂಥ ಸಣ್ಣ ಕಂಪನಗಳಾಗುತ್ತವೆ. ಮೇಲ್ಪದರದಲ್ಲೇ ಆಗುವುದರಿಂದ ಸದ್ದು ಜೋರು.

1993ರ ಸೆಪ್ಟೆಂಬರ್ 30ರಂದು ನಾನು ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದೆ, ಹುಡುಗ. ಬೆಳಗಿನ ಜಾವ ನಾಲ್ಕರ ಸುಮಾರು. ಅಡುಗೆಮನೆಯ ಹಿತ್ತಾಳೆ ಕೊಡಗಳು ಒಂದಕ್ಕೊಂದು ತಾಗಿ ಗಣಗಣ ಅಂದವು. "ಏಳ್ರೋ, ಹೊರಗ ನಡೀರಿ" ಅಂತ ಅಜ್ಜಿ ನಮ್ಮನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ಗಡಿಯಾಚೆ ಮಹಾರಾಷ್ಟ್ರದ ಕಿಲಾರಿಯಲ್ಲಿ ಗಣಪತಿ ಕಳಿಸಿ ಬಂದು ಮಲಗಿದ್ದವರು ಏಳಲೇ ಇಲ್ಲ. ಪ್ರಮಾಣ 6.2, ಸತ್ತವರು ಸುಮಾರು 10,000.

ಅವರ ಮನೆಗಳೂ ನಮ್ಮ ಮನೆಯಂಥವೇ. ಎರಡು ಮೊಳ ದಪ್ಪದ ಗೋಡೆ, ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಬರೀ ಮಣ್ಣು, ಚೂರುಗಲ್ಲು. ನೆಲ ಅಲುಗಿದರೆ ಎರಡು ಸಾಲೂ ಬೇರೆಬೇರೆಯಾಗಿ ಬೀಳುತ್ತವೆ. ಮೇಲೆ ಮಣ್ಣಿನ ಮಾಳಿಗೆ. ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತಿದ್ದೆವು, ಭಾರ ಏರುತ್ತಲೇ ಇತ್ತು.

ನಿಮ್ಮದೂ ಅಂಥ ಮನೆಯಾದರೆ ಮೊದಲು ಮಾಳಿಗೆಯ ಹಳೇ ಮಣ್ಣು ಇಳಿಸಿ. ಒಳಗಿಂದ ಹೊರಗಿನವರೆಗೆ ಮುಟ್ಟುವ ಉದ್ದನೆಯ ಕಲ್ಲುಗಳನ್ನು ಗೋಡೆಯಲ್ಲಿ ಅಲ್ಲಲ್ಲಿ ಕೂರಿಸಿ, ಎರಡೂ ಸಾಲನ್ನು ಅವು ಹಿಡಿದಿಡುತ್ತವೆ. ಹೊಸದಾಗಿ ಕಟ್ಟುವವರು ಬಾಗಿಲು ಕಿಟಕಿಗಳ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಲೇಬೇಕು. ನಾವು ಎರಡು ಬೇಸಿಗೆಯಲ್ಲಿ ಮಣ್ಣು ಪೂರ್ತಿ ಇಳಿಸಿ ತಗಡು ಹೊದಿಸಿದೆವು. ಬೇಸಿಗೆಯಲ್ಲಿ ಒಳಗೆ ಸೆಕೆ ಜಾಸ್ತಿ, ಆದರೂ ಮಕ್ಕಳು ಈಗ ಅದರಡಿಯಲ್ಲೇ ಮಲಗುತ್ತಾರೆ.