ಹಾಪ್ಸ್ ಬಳ್ಳಿಗೆ ಸುರುಳಿ ಇಲ್ಲ

ಈ ಸಲ ಗಿಡ, ಹಕ್ಕಿ, ಬೆಟ್ಟದ ಚಿತ್ರ ಬರೆಯುವ ಓದುಗರ ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಆ ದಾರಿಯಲ್ಲಿ ನಾನೂ ಎಡವಿದ್ದೆ, ಅದಕ್ಕೆ.

ಪ್ರಶ್ನೆ: ಸಣ್ಣ ಬ್ರೂವರಿಯೊಂದರ ಕ್ರಾಫ್ಟ್ ಬಿಯರ್ ಲೇಬಲ್‌ಗೆ ಚಿತ್ರ ಬರೆದೆ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಬಳ್ಳಿ, ಬಾರ್ಲಿ, ಬೆಟ್ಟ, ನದಿ, ಹಕ್ಕಿ ಎಲ್ಲವೂ ಬೇಕು ಎಂದಿದ್ದರು. ಈಗ ಕ್ಯಾನ್ ಮೇಲೆ ಏನೂ ಕಾಣುತ್ತಿಲ್ಲ ಎನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ಚಿತ್ರ ಚೆನ್ನಾಗಿಯೇ ಬಂದಿರಬಹುದು. ಆದರೆ ನೀವು ಬರೆದದ್ದು ಚಪ್ಪಟೆ ಹಾಳೆಯ ಮೇಲೆ, ಜನ ನೋಡುವುದು ದುಂಡಗಿನ ಡಬ್ಬಿಯ ಮೇಲೆ. ಸಾಮಾನ್ಯ ಕ್ಯಾನಿನ ಅಡ್ಡಳತೆ ಸುಮಾರು 66 ಮಿಲಿಮೀಟರ್. ಸುತ್ತಳತೆ 207ರ ಹತ್ತಿರ. ಎದುರಿಗೆ ನಿಂತವರಿಗೆ ನೆಟ್ಟಗೆ ಕಾಣುವುದು ಅದರಲ್ಲಿ ಮೂರನೇ ಒಂದು ಭಾಗ, ಅಂದರೆ ಬರೀ 70 ಮಿಲಿಮೀಟರ್. ಅಷ್ಟರಲ್ಲಿ ಐದು ಸಂಗತಿ ತುರುಕಿದರೆ ಒಂದೂ ಉಳಿಯುವುದಿಲ್ಲ ಅಲ್ವಾ? ಒಂದನ್ನು ಆರಿಸಿ. ನಾನಾಗಿದ್ದರೆ ಹಕ್ಕಿಯನ್ನು ಮುಂದಿಡುತ್ತಿದ್ದೆ. ಬೆಟ್ಟವೂ ನದಿಯೂ ಪಕ್ಕಕ್ಕೆ ಸುತ್ತಿಕೊಂಡು ಹೋಗಲಿ, ಕ್ಯಾನ್ ಕೈಗೆತ್ತಿಕೊಂಡು ತಿರುಗಿಸುವವರಿಗೆ ಅವು ಸಿಗುತ್ತವೆ. ಮುಂದಿನ ಸಲ ಪೆನ್ಸಿಲ್‌ನಲ್ಲಿ ಗೀಚಿದ ಹಂತದಲ್ಲೇ ಕಾಗದವನ್ನು ಖಾಲಿ ಕ್ಯಾನ್‌ಗೆ ಸುತ್ತಿ, ನಾಲ್ಕೈದು ಹೆಜ್ಜೆ ಹಿಂದೆ ಸರಿದು ನೋಡಿ.

ಸಣ್ಣ ಜಾಗದಲ್ಲಿ ಹಕ್ಕಿ ಎದ್ದು ಕಾಣುವುದು ಹೇಗೆ ಎಂದು ಕಲಿಯಲು ಇಂಗ್ಲೆಂಡಿನ ಕೆತ್ತನೆ ಕಲಾವಿದ ಥಾಮಸ್ ಬ್ಯೂಯಿಕ್ (1753–1828) ಕೆತ್ತಿದ ಮರದಚ್ಚುಗಳನ್ನು ನೋಡಿ. ಗಟ್ಟಿ ಬಾಕ್ಸ್‌ವುಡ್ ಮರವನ್ನು ಅಡ್ಡಕ್ಕೆ ಕೊಯ್ದ ಪುಟ್ಟ ತುಂಡಿನ ಮೇಲೆ ಕೆತ್ತುತ್ತಿದ್ದರು. ಹಿನ್ನೆಲೆ ತೆಳುವಾಗಿ ಮೂಡಲಿ ಎಂದು ಆ ಭಾಗದ ಮರವನ್ನು ಚೂರು ತಗ್ಗಿಸುತ್ತಿದ್ದರು. ಅಲ್ಲಿ ಅಚ್ಚಿನ ಒತ್ತಡ ಕಡಿಮೆ, ಹಾಗಾಗಿ ದೂರದ ಮರಗಳು ಮಾಸಲಾಗಿ ಹಿಂದೆ ಸರಿಯುತ್ತವೆ, ಹಕ್ಕಿ ಮುಂದೆ ಬರುತ್ತದೆ. ನಿಮ್ಮ ಲೇಬಲ್‌ಗೂ ಇದೇ ಬೇಕು.

ಇನ್ನು ಹಾಪ್ಸ್. ನನ್ನ ಮೊದಲ ಲೇಬಲ್‌ನಲ್ಲಿ ಅದಕ್ಕೆ ದ್ರಾಕ್ಷಿ ಬಳ್ಳಿಯ ಹಾಗೆ ಸ್ಪ್ರಿಂಗಿನಂಥ ಸುರುಳಿಗಳನ್ನು ಬರೆದಿದ್ದೆ. ನೋಡಲು ಚೆಂದವಿತ್ತು. ಹಾಪ್ಸ್ ಬೆಳೆಯುವವರೊಬ್ಬರು ನೋಡಿ, ಇದು ನಮ್ಮ ಗಿಡ ಅಲ್ಲ ಎಂದುಬಿಟ್ಟರು. ಅಂದು ನನಗೆ ತುಂಬಾ ಬೇಜಾರಾಗಿತ್ತು. ಆದರೆ ಅವರು ಹೇಳಿದ್ದು ಸರಿ. ಹಾಪ್ಸ್‌ಗೆ ಸುರುಳಿಯೇ ಇಲ್ಲ. ಕಾಂಡವೇ ಆಸರೆಯನ್ನು ಸುತ್ತಿಕೊಂಡು ಹತ್ತುತ್ತದೆ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಮೈಮೇಲಿನ ಕೊಕ್ಕೆಯಂಥ ಗಡಸು ರೋಮಗಳು ಹಿಡಿತ ಕೊಡುತ್ತವೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ, ಅಂಚಿಗೆ ಗರಗಸದ ಹಲ್ಲು. ಬಿಯರ್‌ಗೆ ಹಾಕುವ ಕೋನ್ ಎಂದರೆ ಹೆಣ್ಣು ಗಿಡದ ಹೂಗೊಂಚಲು. ಅದರ ಎಸಳುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಮೊದಲು ಮೊಟ್ಟೆಯ ಆಕಾರ, ನಡುವೆ ದಂಟಿನ ಗೆರೆ, ಆಮೇಲೆ ಎಸಳಿನ ಸಾಲು, ಹೀಗೆ ಬರೆದರೆ ಸಲೀಸು. ಬಾರ್ಲಿ ತೆನೆಗೆ ಉದ್ದ ಮೀಸೆ ಇರುತ್ತದೆ. ಎರಡು ಸಾಲು ಕಾಳಿನ ತಳಿ ಚಪ್ಪಟೆ, ಆರು ಸಾಲಿನದು ದಪ್ಪ. ಯಾವುದನ್ನು ಬಳಸುತ್ತೀರಿ ಎಂದು ಬ್ರೂವರಿಯವರನ್ನೇ ಕೇಳಿ, ಒಂದು ತೆನೆ ತರಿಸಿಕೊಳ್ಳಿ.

ಗೆರೆಯ ದಪ್ಪವನ್ನೂ ಲೆಕ್ಕ ಹಾಕಿ. 0.25 ಮಿಲಿಮೀಟರ್ ಪೆನ್ನಿನಲ್ಲಿ ಬರೆದು ಕಾಲು ಅಳತೆಗೆ ಇಳಿಸಿದರೆ ಗೆರೆ 0.06ಕ್ಕೆ ಬಂದು ಮುದ್ರಣದಲ್ಲಿ ಕಡಿದುಹೋಗುತ್ತದೆ. ಲೇಬಲ್‌ನ ಎರಡರಷ್ಟು ದೊಡ್ಡದಾಗಿ ಬರೆಯಿರಿ, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ, ಕ್ಯಾನಿನ ಲೋಹದ ಮೇಲೆ ಬೀಳುವ ಶಾಯಿ ಅರೆಪಾರದರ್ಶಕ. ಕೆಳಗೆ ಬಿಳಿ ಬಣ್ಣದ ಪದರ ಇಲ್ಲದ ಕಡೆ ಅಲ್ಯೂಮಿನಿಯಂ ಹೊಳೆಯುತ್ತದೆ. ಇದನ್ನು ಮುದ್ರಣದವರ ಜೊತೆ ಮೊದಲೇ ಮಾತಾಡಿಕೊಂಡು, ನದಿಯ ಜಾಗದಲ್ಲಿ ಮಾತ್ರ ಬಿಳಿ ಪದರ ಹಾಕದಿರಲು ಹೇಳಿ. ನೀರು ತಾನಾಗಿ ಮಿಂಚುತ್ತದೆ. ಇದು ನನಗೆ ತುಂಬಾ ಇಷ್ಟದ ಉಪಾಯ.

ಪ್ರಶ್ನೆ: ಬೆಟ್ಟದ ಸಾಲು ಬರೆದರೆ ಎಲ್ಲವೂ ಒಂದೇ ಗೋಡೆಯ ಹಾಗೆ ಕಾಣುತ್ತದೆ. ಹೊರಗೆ ಕೂತು ಬರೆದರೆ ಮುಗಿಸುವಷ್ಟರಲ್ಲಿ ಬೆಳಕು ಬದಲಾಗಿರುತ್ತದೆ.

ಉತ್ತರ: ದೂರದ ಬೆಟ್ಟಕ್ಕೂ ನಿಮ್ಮ ಕಣ್ಣಿಗೂ ನಡುವೆ ಗಾಳಿ ಇದೆ. ಆ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಅದಕ್ಕೇ ದೂರ ಹೋದಂತೆ ಬೆಟ್ಟ ನೀಲಿ, ತೆಳು, ಮಬ್ಬು. ಬಹಳ ಜನ ದೂರದ ಬೆಟ್ಟದಲ್ಲೂ ಮರಗಳನ್ನು ಒಂದೊಂದಾಗಿ ಬರೆಯುತ್ತಾರೆ, ಅಲ್ಲಿ ಮರ ಇದೆ ಎಂದು ಗೊತ್ತಿರುವುದರಿಂದ. ಕಣ್ಣಿಗೆ ಕಂಡಷ್ಟೇ ಬರೆಯಿರಿ. ಕಣ್ಣು ಕಿರಿದು ಮಾಡಿ ನೋಡಿದರೆ ವಿವರಗಳೆಲ್ಲ ಅಳಿಸಿ ಮೂರೇ ಛಾಯೆ ಉಳಿಯುತ್ತವೆ: ಗಾಢ, ನಡುವಿನದು, ತಿಳಿ. ಬೆಂಕಿಪೆಟ್ಟಿಗೆಯಷ್ಟು ಚೌಕದಲ್ಲಿ ಆ ಮೂರನ್ನು ಎರಡು ನಿಮಿಷದಲ್ಲಿ ತುಂಬಿ. ಅಲ್ಲಿ ಬೆಟ್ಟಗಳು ಬೇರೆ ಬೇರೆಯಾಗಿ ಕಂಡರೆ ದೊಡ್ಡ ಹಾಳೆಯಲ್ಲೂ ಕಾಣುತ್ತವೆ.

ಬೆಳಕಿನ ವಿಷಯ. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ನೆರಳು ನಿಮಗಾಗಿ ಕಾಯುವುದಿಲ್ಲ. ಹಾಗಾಗಿ ಮೊದಲ ಹತ್ತು ನಿಮಿಷದಲ್ಲೇ ನೆರಳಿನ ಆಕಾರಗಳನ್ನು ಗುರುತು ಹಾಕಿಬಿಡಿ, ಆಮೇಲೆ ಅದು ಎಲ್ಲಿಗೆ ಸರಿದರೂ ನಿಮ್ಮ ಗುರುತನ್ನು ಬದಲಿಸಬೇಡಿ. ಹಾಳೆಯ ಹಿಂದೆ ದಿನ, ಹೊತ್ತು, ಗಾಳಿಯ ದಿಕ್ಕು ಬರೆದಿಡಿ. ಇಂಗ್ಲೆಂಡಿನ ನಿಸರ್ಗ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821–22ರಲ್ಲಿ ಮೋಡಗಳನ್ನು ಚಿತ್ರಿಸುವಾಗ ಹೀಗೇ ಮಾಡುತ್ತಿದ್ದರು. ವರ್ಷ ಕಳೆದು ಆ ಸ್ಕೆಚ್‌ನಿಂದ ದೊಡ್ಡ ಚಿತ್ರ ಮಾಡುವಾಗ ಈ ಎರಡು ಸಾಲು ನಿಮಗೆ ಫೋಟೋಗಿಂತ ಜಾಸ್ತಿ ನೆನಪಿಸುತ್ತವೆ.

ಪ್ರಶ್ನೆ: ಜಲವರ್ಣ ಹಾಕಿದರೆ ಹಾಳೆ ಉಬ್ಬುತ್ತದೆ, ಪೆನ್ನಿನ ಗೆರೆಯೂ ಹರಡುತ್ತದೆ.

ಉತ್ತರ: 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಅಥವಾ ಅದಕ್ಕಿಂತ ದಪ್ಪ ಹಾಳೆ ತೆಗೆದುಕೊಳ್ಳಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಪೆನ್ನಿನ ಶಾಯಿ ವಾಟರ್‌ಪ್ರೂಫ್ ಇರಲಿ, ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಿ.

ಪ್ರಶ್ನೆ: ನೆಟ್‌ನಲ್ಲಿ ಸಿಕ್ಕ ಹಕ್ಕಿಯ ಫೋಟೋ ನೋಡಿ ಬರೆದು ಲೇಬಲ್‌ಗೆ ಕೊಡಬಹುದಾ?

ಉತ್ತರ: ಅಭ್ಯಾಸಕ್ಕೆ ಬರೆಯಿರಿ. ಮಾರುವ ವಸ್ತುವಿನ ಮೇಲೆ ಬೇಡ. ಆ ಭಂಗಿ, ಆ ಬೆಳಕು ಹುಡುಕಿಕೊಂಡು ಹೋದವರು ಬೇರೆಯವರು, ಹಕ್ಕು ಅವರದು. ಅವರ ಒಪ್ಪಿಗೆ ಕೇಳಿ. ಇಲ್ಲವಾದರೆ ಹತ್ತಾರು ಚಿತ್ರ ನೋಡಿ ಹಕ್ಕಿಯ ರೆಕ್ಕೆ, ಕಾಲು, ಕೊಕ್ಕು ಹೇಗೆ ಕೂಡಿಕೊಂಡಿವೆ ಎಂದು ತಿಳಿದುಕೊಂಡು ನಿಮ್ಮದೇ ಭಂಗಿ ಕಟ್ಟಿ. ನಿಮ್ಮ ಚಿತ್ರಕ್ಕೂ ಇದೇ ಮಾತು. ಲೇಬಲ್‌ಗೆ ಕೊಟ್ಟದ್ದು ಟೀ ಶರ್ಟ್‌ಗೂ ಪೋಸ್ಟರ್‌ಗೂ ಹೋಗಬಹುದಾ, ಎಷ್ಟು ವರ್ಷ, ಮೂಲ ಚಿತ್ರ ಯಾರ ಬಳಿ ಇರುತ್ತದೆ, ಇಷ್ಟನ್ನು ಕೆಲಸ ಶುರು ಮಾಡುವ ಮೊದಲೇ ಬರಹದಲ್ಲಿ ಪಡೆಯಿರಿ. ನಂಬಿಕೆ ಇದೆ ಎಂದು ಸುಮ್ನೆ ಬಿಡಬೇಡಿ.

ಪ್ರಶ್ನೆ: ನಾನಿರುವ ಕಡೆ ಬೆಟ್ಟವೂ ಇಲ್ಲ, ಕಾಡೂ ಇಲ್ಲ. ಏನು ಬರೆಯಲಿ?

ಉತ್ತರ: 1503ರಲ್ಲಿ ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಜಲವರ್ಣದಲ್ಲಿ ಬರೆದದ್ದು ಒಂದು ಹಿಡಿ ಕಳೆಯನ್ನು. ಹುಲ್ಲು, ಡ್ಯಾಂಡೆಲಿಯನ್, ಇನ್ನಷ್ಟು ಕಾಡು ಸೊಪ್ಪು, ಅಷ್ಟೇ. ಚಿತ್ರದ ಎತ್ತರ ಸುಮಾರು 40 ಸೆಂಟಿಮೀಟರ್. ಅವರು ನೆಲದ ಮಟ್ಟಕ್ಕೆ ಕಣ್ಣಿಟ್ಟು ನೋಡಿದ್ದರಿಂದ ಆ ಹುಲ್ಲು ಕಾಡಿನಷ್ಟು ಎತ್ತರ ಕಾಣುತ್ತದೆ. ನೀವೂ ಗೋಡೆ ಬದಿಯಲ್ಲಿ ಎದ್ದ ಒಂದು ಹಿಡಿ ಹುಲ್ಲನ್ನು ಮಣ್ಣಿನ ಸಮೇತ ಎತ್ತಿ ತಟ್ಟೆಯಲ್ಲಿಟ್ಟು, ನೀರು ಚಿಮುಕಿಸಿ, ಕಣ್ಣಿನ ಮಟ್ಟಕ್ಕೆ ಮೇಜಿನ ಮೇಲೆ ಇಡಿ. ಒಂದು ವಾರ ಅದನ್ನೇ ಬರೆಯಿರಿ. ಯಾವ ಎಲೆ ಯಾವುದರ ಹಿಂದೆ ಹೋಗುತ್ತದೆ ಎಂದು ಹಿಂಬಾಲಿಸಿ, ಒಣಗಿದ ತುದಿಯನ್ನು ಹಸಿರು ಮಾಡಬೇಡಿ, ಬೇರಿಗಂಟಿದ ಮಣ್ಣನ್ನೂ ಬಿಡಬೇಡಿ. ಆ ಏಳು ಹಾಳೆಗಳನ್ನು ನನಗೆ ಕಳಿಸಿ.