ತಾತ ಕೊಟ್ಟ ಶಾಲೆ ಜಾಗ: ಪಹಣಿಯಲ್ಲಿ ಇನ್ನೂ ತಾತನದೇ ಹೆಸರು

ಪ್ರಶ್ನೆ: ನಮ್ಮ ತಾತ ಜಮೀನ್ದಾರರು. 1968ರಲ್ಲಿ ಊರಿನ ಸರ್ಕಾರಿ ಶಾಲೆಗೆ 1 ಎಕರೆ 10 ಗುಂಟೆ ಕೊಟ್ಟರು, ಬರೀ ಬಾಯಿಮಾತಿನಲ್ಲಿ. ಡೈರಿಯಲ್ಲಿ ಒಂದು ಸಾಲು ಬರೆದಿದ್ದಾರೆ, ಅಷ್ಟೇ. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ರಸ್ತೆ ಅಗಲವಾದ ಮೇಲೆ ಚಿಕ್ಕಪ್ಪನ ಮಕ್ಕಳು ಪಾಲು ಕೇಳುತ್ತಿದ್ದಾರೆ. ಶಾಲೆ ಉಳಿಯುತ್ತದಾ?
– ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಅಮ್ಮಾ, ನಾನು ಕೋಲಾರ ಜಿಲ್ಲೆಯಲ್ಲೇ ಸರ್ವೆ ಕೆಲಸ ಮಾಡಿ ನಿವೃತ್ತನಾದವನು. ಇಂಥ ಶಾಲೆಗಳ ಅಂಗಳದಲ್ಲಿ ಎಷ್ಟೋ ಸಲ ಸರಪಳಿ ಎಳೆದಿದ್ದೇನೆ. ಸುತ್ತ ಮಕ್ಕಳು ಆಡುತ್ತಿರುತ್ತಾರೆ. ಕೈಯಲ್ಲಿರುವ ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಹೆಸರು ಬರೆಯುವ ಜಾಗದಲ್ಲಿ, ತೀರಿಕೊಂಡವರ ಹೆಸರು. ಆಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ನಿಮ್ಮ ತಾತನ ಮನಸ್ಸು ದೊಡ್ಡದು. ಆದರೆ ಕಾನೂನಿನ ಕಣ್ಣಿಗೆ ಆ ದಾನ ಇನ್ನೂ ಆಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಂ ಪ್ರಕಾರ ಜಮೀನು ದಾನಕ್ಕೆ ನೋಂದಾಯಿತ ಪತ್ರ ಬೇಕು, ಕಡೇಪಕ್ಷ ಇಬ್ಬರು ಸಾಕ್ಷಿಗಳೂ ಬೇಕು. ‘12 ವರ್ಷ ಅನುಭವದಲ್ಲಿದ್ದರೆ ಶಾಲೆಯದೇ ಆಯ್ತು’ ಅಂತ ಊರಲ್ಲಿ ಹೇಳುತ್ತಾರೆ. ಅದನ್ನು ನಂಬಿ ಸುಮ್ನೆ ಕೂರಬೇಡಿ. ಮಾಲೀಕರೇ ಒಪ್ಪಿ ಬಿಟ್ಟ ಜಾಗಕ್ಕೆ ಆ ವಾದ ಕೋರ್ಟಿನಲ್ಲಿ ಸುಲಭವಾಗಿ ನಿಲ್ಲುವುದಿಲ್ಲ.

ಈಗ ಆ ದಾನವನ್ನು ಪೂರ್ತಿ ಮಾಡಬೇಕಾದವರು ನೀವು, ವಾರಸುದಾರರು. ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡ ತಾತನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಿ. ಮದುವೆಯಾಗಿ ಹೋದ ಅತ್ತೆಯರನ್ನು ಮರೆಯಬೇಡಿ, ಅವರಿಗೂ ಹಕ್ಕಿದೆ, ಅವರ ಸಹಿಯೂ ಬೇಕು. ಆಮೇಲೆ ಶಾಲೆಯಿರುವ ತುಂಡನ್ನು ಅಳತೆ ಮಾಡಿಸಿ 11ಇ ನಕ್ಷೆ (ಜಮೀನಿನ ಒಂದು ಭಾಗವನ್ನಷ್ಟೇ ವರ್ಗಾಯಿಸಲು ಬೇಕಾದ ಸರ್ವೆ ನಕ್ಷೆ) ತೆಗೆಸಿ. ಕಾಂಪೌಂಡ್ ಎಲ್ಲಿದೆಯೋ ಹದ್ದು ಅಲ್ಲೇ ಇದೆ ಎಂದುಕೊಳ್ಳಬೇಡಿ. ಹತ್ತಿಪ್ಪತ್ತು ಗುಂಟೆ ಆಚೀಚೆ ಆಗಿದ್ದನ್ನು ನಾನೇ ನೋಡಿದ್ದೇನೆ. ಸರ್ಕಾರದ ಪರವಾಗಿ ದಾನ ಒಪ್ಪಿಕೊಂಡು ಸಹಿ ಹಾಕುವವರು ಯಾರು ಅಂತ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ನಂತರ ಸಬ್ ರಿಜಿಸ್ಟ್ರಾರ್ ಕಚೇರಿ. ಅಲ್ಲಿಗೇ ನಿಲ್ಲಿಸಬೇಡಿ. ಮ್ಯುಟೇಷನ್ ಆಗಿ, ಅಂದರೆ ದಾಖಲೆಯಲ್ಲಿ ಹೆಸರು ಬದಲಾಗಿ, ಹೊಸ ಪಹಣಿ ಬರುವವರೆಗೂ ಬೆನ್ನು ಹತ್ತಿ.

ಚಿಕ್ಕಪ್ಪನ ಮಕ್ಕಳು ಒಪ್ಪದಿದ್ದರೆ? ಅವರನ್ನು ಬೈಯಬೇಡಿ. ರಸ್ತೆ ಬದಿಯ ಜಾಗದ ಬೆಲೆ ಅವರಿಗೂ ಕಾಣುತ್ತದೆ, ಅಲ್ವಾ? ಕೂತು ವಿಭಾಗ ಮಾಡಿಕೊಳ್ಳಿ. ಶಾಲೆಯ ತುಂಡು ನಿಮ್ಮ ಪಾಲಿಗೆ ಬರಲಿ, ಬದಲಿಗೆ ಬೇರೆ ಕಡೆ ಅವರಿಗೆ ಸ್ವಲ್ಪ ಜಾಸ್ತಿ ಬಿಟ್ಟುಕೊಡಿ. ವಿಭಾಗ ಪತ್ರವೂ ನೋಂದಣಿಯಾಗಲಿ. ಮಾವಿನ ತೋಪು ಬಿಟ್ಟುಕೊಟ್ಟು ಶಾಲೆ ಉಳಿಸಿಕೊಂಡ ಒಂದು ಮನೆಯವರನ್ನು ನಾನು ಬಲ್ಲೆ.

ಡೈರಿಯನ್ನು ಜೋಪಾನ ಮಾಡಿ. ಅದು ದಾನಪತ್ರವಲ್ಲ, ನಿಜ. ಆದರೆ ಪತ್ರದಲ್ಲಿ ಜಮೀನಿನ ಹಿನ್ನೆಲೆ ಬರೆಯುವ ಜಾಗದಲ್ಲಿ ತಾತನ ಆ ಸಾಲನ್ನು ತಾರೀಖಿನ ಸಮೇತ, ಅವರದೇ ಮಾತಿನಲ್ಲಿ ಬರೆಸಿ.