ಸಂಘದ ಸೀಲು ಅಕ್ಕೋರ ಚೀಲದಲ್ಲಿ

ತಾವೇ ಕಟ್ಟಿದ ಸಂಘದವರು ತಮ್ಮನ್ನು ದೂರ ಇಟ್ಟರು ಅನ್ನುವ ನೋವು ಹೊತ್ತು ಆಪ್ತ ಸಲಹೆಗೆ ನನ್ನ ಬಳಿ ಬಂದವರಲ್ಲಿ ಇವರು ಮೂರನೆಯವರು. ಮೊದಲ ಇಬ್ಬರಿಗೆ ನಾನು ಕೊಟ್ಟ ಸಲಹೆ ಸರಿ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆಯೂ ಇದೆ.

ಹೆಸರು ಬೇಡ. ಸಂಘದಲ್ಲಿ ಎಲ್ಲರೂ ಕರೆಯುವಂತೆ ‘ಅಕ್ಕೋರು’ ಅನ್ನೋಣ. ವಯಸ್ಸು ನಲವತ್ತು ದಾಟಿದೆ. ಕಲಬುರಗಿಯಲ್ಲಿ ಸ್ವಂತ ಮನೆ, ಆಳಂದ ಕಡೆ ತೊಗರಿ ಹೊಲ, ಗಂಡನಿಗೆ ಒಳ್ಳೆ ನೌಕರಿ. ಆರು ವರ್ಷದ ಹಿಂದೆ ಮನೆಗೆಲಸದ ಹೆಣ್ಣುಮಕ್ಕಳನ್ನು ಕೂಡಿಸಿ ಸಂಘ ಕಟ್ಟಿದರು. ಮನೆಗೆಲಸಕ್ಕೂ ಕನಿಷ್ಠ ಕೂಲಿ ಕೊಡಬೇಕು ಅಂತ ಕರ್ನಾಟಕದಲ್ಲಿ 2004ರಲ್ಲೇ ಆದೇಶವಾಗಿದೆ. ಎಷ್ಟು ಮನೆಗಳಲ್ಲಿ ಅದರ ಸುದ್ದಿ ಗೊತ್ತು, ಹೇಳಿ? (ನನ್ನ ಮನೆಗೂ ಒಬ್ಬರು ಪಾತ್ರೆ ತಿಕ್ಕಲು ಬರುತ್ತಾರೆ. ಆ ವಾರ ಅವರ ಪಗಾರದ ಲೆಕ್ಕ ಹಾಕುತ್ತಾ ಕೂತೆ. ಅದು ಬೇರೆ ಕಥೆ.)

ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಎರಡು ಭೇಟಿ ಅದರಲ್ಲೇ ಹೋಯಿತು. ಮೂರನೆಯದರಲ್ಲಿ ಕಾರಣ ಹೊರಗೆ ಬಿತ್ತು. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಬಂದ ದಿನ ಸಂಘದ ಅಧ್ಯಕ್ಷೆ ಎಲ್ಲರ ಮುಂದೆ ಅಂದರಂತೆ: “ಅಕ್ಕೋರೆ, ನೀವು ಬಂದ್ರ ಸಾಹೇಬ್ರು ನಿಮ್ಮ ಮಾರಿ ನೋಡೇ ಮಾತಾಡ್ತಾರ. ನಾವು ಕುಂತಿದ್ದು ಅವರಿಗಿ ಕಾಣಂಗೇ ಇಲ್ಲ. ಮುಂದಿನ ಸಲ ನಾವೇ ಹೋಗ್ತೀವ್ರಿ.”

“ಆರು ವರ್ಷ ಮೇಡಂ,” ಅಂತ ಅಕ್ಕೋರು ಅತ್ತರು. “ನನ್ನ ಕಾರು, ನನ್ನ ಪೆಟ್ರೋಲು. ನಾವು ಬಸವಣ್ಣನವರನ್ನ ನಂಬಿದ ಮನೆತನ. ನಾನು ಯಾವತ್ತೂ ಜಾತಿ ನೋಡಿದಾಕಿ ಅಲ್ಲ.”

ನಾಲ್ಕನೇ ಭೇಟಿಯಲ್ಲಿ ಮಾತಿನ ಮಧ್ಯೆ ತಲೆನೋವಿನ ಗುಳಿಗೆ ಹುಡುಕಲು ಚೀಲಕ್ಕೆ ಕೈ ಹಾಕಿದರು. ಗುಳಿಗೆ ಸಿಗಲಿಲ್ಲ. ಒಂದೊಂದೇ ಸಾಮಾನು ನನ್ನ ಟೇಬಲ್ ಮೇಲೆ ಇಡುತ್ತಾ ಹೋದರು. ಕನ್ನಡಕ, ಚಾರ್ಜರ್, ಆಮೇಲೆ ಒಂದು ರಬ್ಬರ್ ಸೀಲು, ಇಂಕ್ ಪ್ಯಾಡು, ಚೆಕ್ ಬುಕ್ಕು, ಠರಾವು ಪುಸ್ತಕ.

“ಇವೆಲ್ಲ ಯಾರದು?”

“ಸಂಘದ್ದು.”

“ನಿಮ್ಮ ಚೀಲದಲ್ಲಿ ಯಾಕಿವೆ?”

ಒಂದೊಂದಕ್ಕೂ ಅವರ ಬಳಿ ಉತ್ತರ ಇತ್ತು. ಅಧ್ಯಕ್ಷೆಯ ಮನೆ ಮಳೆಗಾಲದಲ್ಲಿ ಸೋರುತ್ತದೆ, ಇಡಲು ಕಪಾಟಿಲ್ಲ. ಬ್ಯಾಂಕಿನವರು ಅಕ್ಕೋರಿಗೆ ಪರಿಚಯ, ಅದಕ್ಕೆ ಖಜಾಂಚಿ ಅವರೇ. ಅಕ್ಷರ ಚೆನ್ನಾಗಿದೆ, ಅದಕ್ಕೆ ಠರಾವು ಬರೆಯುವುದೂ ಅವರೇ. ಸಭೆ ಅವರ ಮನೆಯ ಹಾಲಿನಲ್ಲಿ. ಮೂವತ್ತು ಜನ ಕೂರಲು ಬೇರೆ ಜಾಗ ಎಲ್ಲಿದೆ?

“ಸಭೆ ಎಷ್ಟು ಗಂಟೆಗೆ?”

“ಹನ್ನೊಂದಕ್ಕೆ. ಇವರು ಆಫೀಸಿಗೆ ಹೋಗಿರ್ತಾರ, ನಾನೂ ಖಾಲಿ ಇರ್ತೀನಿ.”

“ಹನ್ನೊಂದಕ್ಕೆ ಆ ಹೆಣ್ಣುಮಕ್ಕಳು ಎಲ್ಲಿರ್ತಾರೆ?”

ಬಹಳ ಹೊತ್ತು ಮಾತಾಡಲಿಲ್ಲ. ಸೀಲನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ, “ಎರಡನೇ ಮನಿ ಪಾತ್ರಿ ಮುಂದ,” ಅಂದರು. ಬೆರಳಿಗೆ ನೇರಳೆ ಮಸಿ ಹತ್ತಿತ್ತು.

ಅವರು ಹೇಳಿದ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ನನಗೆ ದಿಗಿಲಾದದ್ದು ಅದಕ್ಕೇ. ಸೋರುವ ಮನೆ ನಿಜ, ಒಳ್ಳೆ ಅಕ್ಷರವೂ ನಿಜ. ಹೀಗೆ ಅನುಕೂಲ ನೋಡಿ ನೋಡಿ ಇಡೀ ಸಂಘ ಅನುಕೂಲ ಇದ್ದವರ ಮನೆ ಸೇರುತ್ತದೆ. ಯಾರೂ ಏನನ್ನೂ ಕಸಿದುಕೊಂಡಿರುವುದಿಲ್ಲ. ಅಧ್ಯಕ್ಷೆ ಅಕ್ಕೋರಿಗಿಂತ ಹತ್ತು ವರ್ಷ ದೊಡ್ಡವರು. ಅವರು ಇವರನ್ನು ‘ಅಕ್ಕೋರೆ’ ಅನ್ನುತ್ತಾರೆ, ಇವರು ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಇದನ್ನು ನಾನು ಹೇಳಿದಾಗ ಅಕ್ಕೋರಿಗೆ ಸೀಲಿಗಿಂತ ಜಾಸ್ತಿ ನೋವಾಯಿತು.

“ಕಲ್ಯಾಣದ ಕಥೆ ನಾವೆಲ್ಲ ಕೇಳಿ ಬೆಳೆದವರು,” ಅಂದೆ. “ಮಂತ್ರಿ ಯಾರು? ಬಸವಣ್ಣ. ಶೂನ್ಯ ಸಿಂಹಾಸನದ ಮೇಲೆ ಕೂತವರು ಯಾರು?”

“ಅಲ್ಲಮ,” ಅಂದು ಸಣ್ಣಗೆ ನಕ್ಕರು. ಮದ್ದಳೆ ಬಾರಿಸುತ್ತಿದ್ದ ಅಲ್ಲಮ.

ತಕ್ಷಣ ಅವರಿಗೆ ಬಂದ ಯೋಚನೆ: ನಾಳೆಯೇ ಹೋಗಿ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ. ಬೇಡ ಅಂದೆ. ಹಿಂದೊಮ್ಮೆ ಅವರು ಹಾಗೆ ಮಾಡಿದ್ದರು. ಅಕ್ಕೋರು ಅಳುವುದು ನೋಡಲಾಗದೆ ಹೆಂಗಸರು ನೀರು ಕೊಟ್ಟು, ಚಹಾ ಕಾಸಿ, ಬೆನ್ನು ಸವರಿದರು. ಅವತ್ತು ಪಗಾರದ ಮಾತೇ ಬರಲಿಲ್ಲ. ಅಳುವುದಿದ್ದರೆ ಇಲ್ಲಿ ಬಂದು ಅಳಿ, ಅದಕ್ಕೇ ನನಗೆ ಫೀಸು ಕೊಡುತ್ತೀರಿ ಅಂದೆ. ಸ್ವಲ್ಪ ಒರಟಾಯಿತೇನೋ.

ಎರಡನೆಯ ಯೋಚನೆ: ರಾಜೀನಾಮೆ. ಅದೂ ಬೇಡ ಅಂದೆ. ಮೊದಲು ಬಂದ ಇಬ್ಬರಿಗೆ ನಾನು ಹೇಳಿದ್ದು ಇದನ್ನೇ, ‘ನಿಮ್ಮ ಬೆಲೆ ಗೊತ್ತಿಲ್ಲದ ಕಡೆ ಯಾಕಿರ್ತೀರಿ’ ಅಂತ. ಅವರಲ್ಲಿ ಒಬ್ಬರು ಬಿಟ್ಟರು. ಅಧಿಕಾರಿಗಳ ನಂಬರು, ಅರ್ಜಿಯ ಪ್ರತಿ, ಎಲ್ಲ ಅವರ ಫೋನಿನಲ್ಲೇ ಇತ್ತು. ಮೂರು ತಿಂಗಳಲ್ಲಿ ಆ ಸಂಘ ಮುಚ್ಚಿತು. ಬಿಟ್ಟವರು “ನೋಡಿ, ನಾನಿಲ್ಲದೆ ನಡೆಯಲ್ಲ” ಅಂದರು. ನಾನು ತಲೆ ಆಡಿಸಿದ್ದೆ.

ಅದಕ್ಕೇ ಈ ಸಲ ಹೇಳಿದ್ದು ಇಷ್ಟು. ಸೀಲು, ಚೆಕ್ ಬುಕ್ಕು, ನಂಬರುಗಳು ಮೊದಲು ಹೋಗಲಿ. ಸಭೆ ಎಲ್ಲಿ, ಎಷ್ಟು ಗಂಟೆಗೆ ಅಂತ ಅವರೇ ಗೊತ್ತು ಮಾಡಲಿ. ಕರೆದರೆ ಕಚೇರಿಗೆ ಹೋಗಿ, ಹಿಂದಿನ ಸಾಲಲ್ಲಿ ಕೂರಿ. ಸಾಹೇಬರು ನಿಮ್ಮ ಮುಖ ನೋಡಿದರೆ ನೀವು ಅಧ್ಯಕ್ಷೆಯ ಮುಖ ನೋಡಿ. ಅರ್ಜಿಯಲ್ಲಿ ತಪ್ಪು ಕಂಡರೂ, ಕೇಳುವ ತನಕ ಪೆನ್ನು ತೆಗೆಯಬೇಡಿ. ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟ ಅನಿಸಿತು.

ಈ ಪ್ರಕರಣವನ್ನು ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮುಂದೆ ಇಟ್ಟಾಗ ಬೈಸಿಕೊಂಡೆ. ನಿದ್ದೆ ಬರದವರಿಗೆ ನಿದ್ದೆಯ ದಾರಿ ತೋರಿಸಬೇಕು, ರಾಜಕೀಯ ಯಾಕೆ ಅಂತ. ಒಳ್ಳೆಯದು ಮಾಡಿದವರಿಗೇ ಶಿಕ್ಷೆ ಕೊಟ್ಟೆ ಅಂತಲೂ ಅಂದರು. ನಾನು ಒಪ್ಪುವುದಿಲ್ಲ. ನಿದ್ದೆ ಕೆಟ್ಟದ್ದೇ ಆ ಚೀಲದ ಭಾರಕ್ಕೆ. ಅಲ್ಲದೆ ಇದು ಒಬ್ಬ ಅಕ್ಕೋರ ಸ್ವಭಾವದ ಮಾತೂ ಅಲ್ಲ. ಕಾರ್ಮಿಕ ಸಂಘಗಳಲ್ಲಿ ಹೊರಗಿನವರೇ ತುಂಬಿಕೊಳ್ಳುವ ಅಪಾಯ ಇದೆ ಅನ್ನುವುದು ಕಾನೂನಿಗೂ ಗೊತ್ತಿತ್ತು. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ, ಅಸಂಘಟಿತ ವಲಯದ ಸಂಘದ ಪದಾಧಿಕಾರಿಗಳಲ್ಲಿ ಅರ್ಧದಷ್ಟಾದರೂ ಆ ಕೆಲಸ ಮಾಡುವವರೇ ಇರಬೇಕು ಅಂತ ಇತ್ತು. ಅಕ್ಕೋರ ಸಂಘದಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಇದ್ದರು, ಹಾಳೆಯ ಮೇಲೆ. ಅಸ್ಪೃಶ್ಯತೆ ತೊಲಗಿಸಲು 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘವನ್ನೂ ನೋಡಿ. ಅಸ್ಪೃಶ್ಯತೆ ಸವರ್ಣರ ಪಾಪ, ಪ್ರಾಯಶ್ಚಿತ್ತ ಅವರದೇ, ಹಾಗಾಗಿ ಸಂಘ ನಡೆಸಬೇಕಾದವರೂ ಅವರೇ ಅನ್ನುವುದು ಗಾಂಧೀಜಿಯವರ ವಾದ. ಅಧ್ಯಕ್ಷರಾದದ್ದು ಉದ್ಯಮಿ ಘನಶ್ಯಾಮದಾಸ್ ಬಿರ್ಲಾ. ಅಂಬೇಡ್ಕರ್ ದೂರ ಸರಿದರು. ಪ್ರಾಯಶ್ಚಿತ್ತ ಮಾಡಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದಕ್ಕೆ ಇನ್ನೊಬ್ಬರ ಸಂಘವೇ ಯಾಕೆ ಬೇಕು ಅಂತ ಕೇಳುತ್ತೇನೆ.

ಈಗ ಸಭೆ ಓಣಿಯ ಸಮುದಾಯ ಭವನದ ಕಟ್ಟೆಯ ಮೇಲೆ, ರಾತ್ರಿ ಎಂಟಕ್ಕೆ. ನಲವತ್ತು ಜನ ಬರುತ್ತಾರಂತೆ. ಒಂದು ಅರ್ಜಿ ತಾರೀಖು ತಪ್ಪಿದ್ದಕ್ಕೆ ವಾಪಸ್ ಬಂತು. ಅಕ್ಕೋರಿಗೆ ಅದು ಮೊದಲೇ ಕಂಡಿತ್ತು. ಸುಮ್ನೆ ಕೂತಿದ್ದೆ ಮೇಡಂ, ಕೈ ಕಡಿಯುತ್ತಿತ್ತು ಅಂದರು. ಹೆಂಗಸರು ಹದಿನೈದು ದಿನ ತಡವಾಗಿ ಮತ್ತೆ ಕೊಟ್ಟು ಬಂದರು. ಕೂಲಿಯ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ.

ಸೀಲು ಅಧ್ಯಕ್ಷೆಯ ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿದೆ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ. ಕಾಗದಕ್ಕೆಲ್ಲ ಹಿಟ್ಟು ಹತ್ತುತ್ತದೆ ಅಂತ ಅಕ್ಕೋರ ದೂರು. ನಿದ್ದೆ ಇನ್ನೂ ಪೂರ್ತಿ ಬಂದಿಲ್ಲ. ಗುರುವಾರ ಮತ್ತೆ ಬರುತ್ತಾರೆ.